ಎಐ ಲಾಯರಿಗೆ ತುಮಕೂರಿನಲ್ಲಿ ಏನು ಕೆಲಸ?

ಗುಬ್ಬಿ ಕಡೆಯ ಓದುಗರೊಬ್ಬರು ಬರೆದಿದ್ದಾರೆ: ‘ಮಗಳು ತುಮಕೂರಿನಲ್ಲಿ ಎಲ್‌ಎಲ್‌ಬಿ ಕೊನೆಯ ವರ್ಷ ಓದುತ್ತಿದ್ದಾಳೆ. ಎಐ ಕಾನೂನಿನ ಲಾಯರ್ ಆಗುತ್ತಾಳಂತೆ. ಅದಕ್ಕೆ ಬೆಂಗಳೂರಿನಲ್ಲಿ ದುಬಾರಿ ಡಿಪ್ಲೊಮಾ ಬೇಕಂತೆ. ಪರಿಚಯದ ವಕೀಲರು ಜಿಲ್ಲಾ ಕೋರ್ಟಿನಲ್ಲಿ ಜೂನಿಯರ್ ಆಗಿ ಸೇರಿಸಿ ಅನ್ನುತ್ತಾರೆ. ಅಡಿಕೆ ದುಡ್ಡಿನಲ್ಲಿ ಎರಡೂ ಮಾಡಿಸುವ ಶಕ್ತಿ ನಮಗಿಲ್ಲ. ನಮ್ಮೂರ ಕೋರ್ಟಿಗೆ ಎಐ ಕೇಸು ಎಲ್ಲಿ ಬರುತ್ತದೆ ಸ್ವಾಮಿ?’

ಬಂದು ಕೂತಿದೆ ಸ್ವಾಮಿ. ಕರಿಕೋಟಿನವರು ಅದನ್ನು ಸಾಲದ ಕೇಸು, ಕೊಬ್ಬರಿ ಕೇಸು ಅಂತ ಕರೆಯುತ್ತಿದ್ದಾರೆ, ಅಷ್ಟೆ.

ಬೆಂಗಳೂರಿನ ಮಾತು ಮೊದಲೇ ಮುಗಿಸಿಬಿಡುತ್ತೇನೆ. ಅಲ್ಲಿ ಕೆಲಸ ಇದೆ, ಸಂಬಳವೂ ಜಾಸ್ತಿ. ಯುರೋಪಿನ ಎಐ ಕಾಯ್ದೆ 2024ರ ಆಗಸ್ಟ್‌ನಲ್ಲಿ ಜಾರಿಗೆ ಬಂತು. ನಿಷೇಧಿಸಿದ ಬಳಕೆಗೆ ದಂಡ ಮೂರೂವರೆ ಕೋಟಿ ಯೂರೋ, ಇಲ್ಲವೇ ಕಂಪನಿಯ ಜಾಗತಿಕ ವಹಿವಾಟಿನ ಶೇ 7ರವರೆಗೆ. ಅಲ್ಲಿಗೆ ಸಾಫ್ಟ್‌ವೇರ್ ಮಾರುವ ನಮ್ಮ ಕಂಪನಿಗಳಿಗೆ ಇದನ್ನು ಓದಿ ಹೇಳುವವರು ಬೇಕು. ಎಎನ್‌ಐ ಸುದ್ದಿಸಂಸ್ಥೆ ಚಾಟ್‌ಜಿಪಿಟಿ ತಯಾರಿಸಿದ ಓಪನ್‌ಎಐ ಕಂಪನಿಯ ಮೇಲೆ 2024ರ ನವೆಂಬರ್‌ನಲ್ಲಿ ದೆಹಲಿ ಹೈಕೋರ್ಟಿನಲ್ಲಿ ದಾವೆ ಹೂಡಿದೆ. ಅಂಥ ಕೇಸಿನಲ್ಲಿ ನಿಲ್ಲುವ ಕನಸು ಹುಡುಗಿಗೆ ಇದ್ದರೆ ತಪ್ಪೇನಿಲ್ಲ.

ಆದರೆ ನಾನು ಕಣ್ಣಾರೆ ಕಂಡ ಕೇಸು ತಿಪಟೂರು ಕಡೆಯ ಕೊಬ್ಬರಿ ವ್ಯವಹಾರದ್ದು. ರೇಟು ಮಾತಾಡಿದ್ದು, ಮಾಲು ತಲುಪಿತು ಅಂದದ್ದು, ‘ದುಡ್ಡು ಹಬ್ಬ ಕಳೀಲಿ’ ಅಂದದ್ದು, ಎಲ್ಲವೂ ವಾಟ್ಸಾಪ್ ಆಡಿಯೊದಲ್ಲಿ. ನನ್ನ ಗೆಳೆಯರ ವಕೀಲರು ಸ್ಕ್ರೀನ್‌ಶಾಟ್ ಜೆರಾಕ್ಸ್ ಮಾಡಿಸಿ ಹಾಜರುಪಡಿಸಿದರು. ಎದುರಿನವರು ಎದ್ದು ನಿಂತು ಒಂದೇ ಮಾತು ಕೇಳಿದರು: ಸರ್ಟಿಫಿಕೇಟ್ ಎಲ್ಲಿ? ಇವರು ತಬ್ಬಿಬ್ಬು. ಮೂಲ ಫೋನು ತರೋಣ ಅಂದರೆ ಅದನ್ನು ಎಕ್ಸ್‌ಚೇಂಜ್‌ಗೆ ಕೊಟ್ಟು ಹೊಸದು ತಂದಾಗಿತ್ತು. ಕೊಬ್ಬರಿಯೂ ಹೋಯಿತು, ಫೋನೂ ಹೋಯಿತು.

ಆ ಸರ್ಟಿಫಿಕೇಟಿನ ಕತೆ ಕೇಳಿ. 2024ರ ಜುಲೈ 1ರಿಂದ ಹಳೆಯ ಸಾಕ್ಷ್ಯ ಕಾಯ್ದೆಯ ಜಾಗಕ್ಕೆ ಭಾರತೀಯ ಸಾಕ್ಷ್ಯ ಅಧಿನಿಯಮ ಬಂದಿದೆ. ಅದರ 63ನೇ ಕಲಮಿನ ಪ್ರಕಾರ ಡಿಜಿಟಲ್ ದಾಖಲೆಯ ಜೊತೆ ಎರಡು ಭಾಗದ ಪ್ರಮಾಣಪತ್ರ ಕೊಡಬೇಕು. ಒಂದಕ್ಕೆ ದಾಖಲೆ ತಂದವರ ಸಹಿ, ಇನ್ನೊಂದಕ್ಕೆ ತಜ್ಞರ ಸಹಿ. ಜೊತೆಗೆ ಫೈಲಿನ ಹ್ಯಾಶ್ ಬರೆಯಬೇಕು. ಹ್ಯಾಶ್ ಅಂದರೆ ಫೈಲಿನ ಹೆಬ್ಬೆಟ್ಟು ಅಂದುಕೊಳ್ಳಿ. ಒಂದು ಅಕ್ಷರ ತಿದ್ದಿದರೂ ಅದು ಬದಲಾಗುತ್ತದೆ. ನಾಳೆ ಯಾರೋ ಎಐನಿಂದ ನಿಮ್ಮ ದನಿಯಲ್ಲೇ ‘ಹೌದು, ಜಮೀನು ಮಾರಿದ್ದೇನೆ’ ಅನ್ನಿಸಿ ಕೋರ್ಟಿಗೆ ತಂದರೆ? ಆ ದನಿ ಯಾವ ಫೋನಿನಿಂದ ಬಂತು, ಮೂಲ ಫೈಲು ಎಲ್ಲಿ ಅಂತ ಪಾಟೀಸವಾಲಿನಲ್ಲಿ ಬಿಡಿಸಿ ಕೇಳುವವರು ಬೇಕಲ್ವಾ? ಆ ಪಾಟೀಸವಾಲು ಕನ್ನಡದಲ್ಲೇ ನಡೆಯುತ್ತದೆ. ಯಾವ ಡಿಪ್ಲೊಮಾ ಅದನ್ನು ಕಲಿಸುತ್ತದೆ?

ಹೆಬ್ಬೆಟ್ಟು ಅಂದಾಗ ನೆನಪಾಯಿತು. 2023ರಲ್ಲಿ ನಮ್ಮ ರಾಜ್ಯದಲ್ಲಿ ನೋಂದಣಿ ಪತ್ರಗಳ ಮೇಲಿನ ಬೆರಳಚ್ಚು ನಕಲು ಮಾಡಿ, ಆಧಾರ್ ಜೋಡಿಸಿದ ಖಾತೆಗಳಿಂದ ಹಣ ಎಳೆದ ದೂರುಗಳು ಬಂದವು. ಓಟಿಪಿಯೂ ಬೇಕಿರಲಿಲ್ಲ. ಸೈಟು ಬರೆಸಿಕೊಂಡವರ ದುಡ್ಡು ಹೋಯಿತು. ಅಂಥವರು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನು ಮಾಡಬೇಕು, ಸೈಬರ್ ಅಪರಾಧ ನೋಡಿಕೊಳ್ಳುವ ಜಿಲ್ಲೆಯ ಸೆನ್ ಪೊಲೀಸ್ ಠಾಣೆಗೆ ಓಡಬೇಕು. ಪರಿಹಾರ ಬೇಕಾದರೆ ಐಟಿ ಕಾಯ್ದೆಯಲ್ಲಿ ದಾರಿ ಇದೆ, 5 ಕೋಟಿವರೆಗೆ ಕೇಳಬಹುದು. ಆದರೆ ವಿಚಾರಣೆ ಮಾಡುವ ಅಧಿಕಾರಿ ರಾಜ್ಯದ ಐಟಿ ಕಾರ್ಯದರ್ಶಿ. ಅಂದರೆ ಮತ್ತೆ ಬೆಂಗಳೂರು ಬಸ್ಸು! ಸಿವಿಲ್ ಕೋರ್ಟು ಅದನ್ನು ಮುಟ್ಟುವ ಹಾಗಿಲ್ಲ. ಪಾವಗಡದ ಮುದುಕಿಯೊಬ್ಬಳು ಅರ್ಜಿ ಹಿಡಿದು ಅಲ್ಲಿಯ ತನಕ ಹೋಗುತ್ತಾಳೆಯೇ?

ಇನ್ನು 2023ರ ಡೇಟಾ ರಕ್ಷಣೆ ಕಾಯ್ದೆ. 250 ಕೋಟಿವರೆಗೆ ದಂಡ ಅಂತ ಪತ್ರಿಕೆಗಳೆಲ್ಲ ಬರೆದವು. ನಾವೂ ಬರೆದೆವು. ಆ ದಂಡ ಸರ್ಕಾರದ ಬೊಕ್ಕಸಕ್ಕೆ ಹೋಗುತ್ತದೆ, ಮಾಹಿತಿ ಕಳಕೊಂಡವನಿಗೆ ಅದರಲ್ಲಿ ಬಿಡಿಗಾಸಿಲ್ಲ ಅನ್ನುವುದನ್ನು ಮಾತ್ರ ದಪ್ಪಕ್ಷರದಲ್ಲಿ ಬರೆಯಲಿಲ್ಲ. ಅದೇ ಕಾಯ್ದೆಯಲ್ಲಿ ಒಂದು ಒಳ್ಳೆಯ ಮಾತೂ ಇದೆ. ನಿಮ್ಮ ಮಾಹಿತಿ ಕೇಳುವವರು ಅದರ ನೋಟಿಸನ್ನು ಸಂವಿಧಾನದ ಎಂಟನೇ ಪರಿಚ್ಛೇದದ 22 ಭಾಷೆಗಳಲ್ಲಿ ನಿಮಗೆ ಬೇಕಾದದ್ದರಲ್ಲಿ ಓದಲು ಅವಕಾಶ ಕೊಡಬೇಕು. ಸಾಲದ ಮುಖ್ಯ ವಿವರಗಳೂ ಸಾಲಗಾರನಿಗೆ ತಿಳಿಯುವ ಭಾಷೆಯಲ್ಲಿರಬೇಕು ಅಂತ ರಿಸರ್ವ್ ಬ್ಯಾಂಕ್ 2024ರಲ್ಲೇ ಹೇಳಿದೆ. ಸರಿ, ಆ ಕನ್ನಡ ಬರೆಯುವವರು ಯಾರು? ಮೊನ್ನೆ ನನ್ನ ಫೋನಿನ ಒಂದು ಆ್ಯಪ್ ‘ನಿಮ್ಮ ಸಮ್ಮತಿಯನ್ನು ಹಿಂದಕ್ಕೆ ಎಳೆಯಿರಿ’ ಅಂದಿತು. ಸಮ್ಮತಿ ಏನು ಸೇದುವ ಬಾವಿಯ ಹಗ್ಗವೇ? ಯಂತ್ರಕ್ಕೆ ಕೊಟ್ಟು ಕನ್ನಡ ಮಾಡಿಸಿದ್ದಾರೆ, ಯಾರೂ ಓದಿಲ್ಲ. ಕಾನೂನು ಗೊತ್ತಿದ್ದು, ಸೋದರತ್ತೆಗೆ ತಿಳಿಯುವ ಹಾಗೆ ಕನ್ನಡ ಬರೆಯಬಲ್ಲವರು ರಾಜ್ಯದಲ್ಲಿ ಎಷ್ಟು ಜನ ಸಿಗುತ್ತಾರೆ ಹೇಳಿ. ನಿಮ್ಮ ಮಗಳು ಅವರಲ್ಲಿ ಒಬ್ಬಳಾಗಬಹುದು. ನೀವು ನೋಡಿದರೆ ‘ನಮ್ಮೂರ ಕೋರ್ಟು’ ಅಂತ ಮೂಗು ಮುರಿಯುತ್ತೀರಿ.

ಯಂತ್ರವನ್ನು ನಂಬಿ ಕೆಟ್ಟವರು ದೊಡ್ಡ ಊರುಗಳಲ್ಲೇ ಇದ್ದಾರೆ. 2023ರಲ್ಲಿ ನ್ಯೂಯಾರ್ಕಿನ ವಕೀಲರು ಚಾಟ್‌ಜಿಪಿಟಿ ಕಟ್ಟಿಕೊಟ್ಟ, ಇಲ್ಲದ ತೀರ್ಪುಗಳನ್ನು ಕೋರ್ಟಿಗೆ ಒಪ್ಪಿಸಿ 5,000 ಡಾಲರ್ ದಂಡ ತೆತ್ತರು. ನಮ್ಮ ಬೆಂಗಳೂರಿನಲ್ಲೇ ಒಂದು ಸಿವಿಲ್ ಕೋರ್ಟಿನ ಆದೇಶದಲ್ಲಿ ಇಲ್ಲದ ಸುಪ್ರೀಂ ಕೋರ್ಟ್ ತೀರ್ಪುಗಳನ್ನು ಉಲ್ಲೇಖಿಸಿದ್ದನ್ನು 2025ರಲ್ಲಿ ಹೈಕೋರ್ಟ್ ಎತ್ತಿ ತೋರಿಸಿತು. ಹಳೆಯ ಸೀನಿಯರ್ ಕೈಕೆಳಗೆ ಇದ್ದವರಿಗೆ ಈ ಗತಿ ಬರುವುದು ಕಡಿಮೆ. ‘ಪುಸ್ತಕ ತೆಗೆದು ಪುಟ ತೋರಿಸು’ ಅಂತ ಬೈಯುವವರು ಅವರು.

ದುಡ್ಡಿನ ಮಾತೂ ಆಡಬೇಕು. ಜೂನಿಯರ್‌ಗಳಿಗೆ ನಗರದಲ್ಲಿ ತಿಂಗಳಿಗೆ 20,000, ಹಳ್ಳಿ ಕಡೆ 15,000 ರೂಪಾಯಿ ಕೊಡಿ ಅಂತ ಬಾರ್ ಕೌನ್ಸಿಲ್ ಆಫ್ ಇಂಡಿಯಾ 2024ರಲ್ಲಿ ಶಿಫಾರಸು ಮಾಡಿತು. ಶಿಫಾರಸು, ಅಷ್ಟೆ. ಬಸ್ ಚಾರ್ಜು ಕೊಟ್ಟು ಕೈತೊಳೆದುಕೊಳ್ಳುವ ಸೀನಿಯರ್‌ಗಳು ನನಗೇ ಗೊತ್ತು. ಡಿಪ್ಲೊಮಾಕ್ಕೆ ಇಟ್ಟ ದುಡ್ಡಿದ್ದರೆ ಅದರಲ್ಲಿ ಎರಡು ವರ್ಷ ಮಗಳ ಖರ್ಚು ನೋಡಿಕೊಳ್ಳಿ.

ಅಂದ ಹಾಗೆ, ಅವಳಿಗೆ ಒಂದು ಕೆಲಸ ಹೇಳಿ. ನಿಮ್ಮ ಫೋನಿನಲ್ಲಿರುವ ಯಾವುದಾದರೂ ಸಾಲದ ಆ್ಯಪಿನ ಷರತ್ತುಗಳನ್ನು ತೆಗೆದು, ನಿಮಗೆ ಅರ್ಥವಾಗುವ ಕನ್ನಡದಲ್ಲಿ ಎರಡು ಪುಟ ಬರೆದು ನಮಗೆ ಕಳಿಸಲಿ. ನೀವು ಮೊದಲು ಓದಿ. ನಿಮಗೆ ತಿಳಿದರೆ ಮುಂದಿನ ಸಂಚಿಕೆಯಲ್ಲಿ ಹಾಕುತ್ತೇವೆ, ಸಂಭಾವನೆಯನ್ನೂ ಕೊಡುತ್ತೇವೆ.