ಒಂದಕ್ಷರದ ಕಾಯಿಲೆಗೆ ಜೀನ್ ತಿದ್ದುಪಡಿ: ಸಿಕಲ್ ಸೆಲ್ ಕುರಿತ ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಆಶ್ರಮ ಶಾಲೆಯೊಂದರಲ್ಲಿ ಪಾಠ ಮಾಡುತ್ತೇನೆ. ಐದನೇ ತರಗತಿಯಲ್ಲಿರುವ ಹಾಡಿಯ ಹುಡುಗನೊಬ್ಬನಿಗೆ ಸಿಕಲ್ ಸೆಲ್ ಕಾಯಿಲೆ ಇದೆಯೆಂದು ಆಸ್ಪತ್ರೆಯಲ್ಲಿ ಹೇಳಿದ್ದಾರೆ. ಚಳಿ ಬಂತೆಂದರೆ ಕೈಕಾಲು ನೋವೆಂದು ರಾತ್ರಿಯಿಡೀ ಅಳುತ್ತಾನೆ. ಜೀನ್ ತಿದ್ದಿ ಇದನ್ನು ವಾಸಿ ಮಾಡುತ್ತಾರೆಂದು ಓದಿದೆ. ನಿಜವೇ? ಹೇಗೆ ಮಾಡುತ್ತಾರೆ?
– ಶಿಕ್ಷಕಿ, ಎಚ್.ಡಿ. ಕೋಟೆ ತಾಲ್ಲೂಕು

ಉತ್ತರ: ನೀವು ಓದಿದ್ದು ನಿಜ. ‘ಕ್ಯಾಸ್‌ಜೆವಿ’ ಎಂಬ ಚಿಕಿತ್ಸೆಗೆ 2023ರ ನವೆಂಬರ್ 16ರಂದು ಬ್ರಿಟನ್ನಿನ ಔಷಧ ನಿಯಂತ್ರಣ ಸಂಸ್ಥೆಯೂ ಅದೇ ವರ್ಷದ ಡಿಸೆಂಬರ್ 8ರಂದು ಅಮೆರಿಕದ ಸಂಸ್ಥೆಯೂ ಅನುಮತಿ ಕೊಟ್ಟವು. ಕ್ರಿಸ್ಪರ್ ಎಂಬ ಜೀನ್ ಕತ್ತರಿಯನ್ನು ಬಳಸುವ ಚಿಕಿತ್ಸೆಯೊಂದಕ್ಕೆ ಜಗತ್ತಿನಲ್ಲಿ ದೊರೆತ ಮೊದಲ ಅನುಮತಿ ಅದು. ಆಫ್ರಿಕಾ ಮೂಲದವರನ್ನೂ ನಮ್ಮ ಆದಿವಾಸಿಗಳನ್ನೂ ತಲೆತಲಾಂತರದಿಂದ ಕಾಡುತ್ತ ಬಂದ, ಬಹುಕಾಲ ಔಷಧ ಕಂಪನಿಗಳ ಕಣ್ಣಿಗೇ ಬೀಳದಿದ್ದ ಕಾಯಿಲೆಯೊಂದಕ್ಕೆ ಆ ಮೊದಲ ಸ್ಥಾನ ಸಿಕ್ಕಿತಲ್ಲ ಎಂಬುದು ನನಗೆ ಇಂದಿಗೂ ಸಂತೋಷದ ಸಂಗತಿ.

ಚಿಕಿತ್ಸೆ ತಿಳಿಯಬೇಕಾದರೆ ಮೊದಲು ಕಾಯಿಲೆಯನ್ನು ನೋಡಬೇಕು. ರಕ್ತದ ಕೆಂಪು ಕಣಗಳಲ್ಲಿ ಆಮ್ಲಜನಕವನ್ನು ಹೊರುವ ಹಿಮೋಗ್ಲೋಬಿನ್‌ನಲ್ಲಿ ಬೀಟಾ ಎಂಬ ಸರಪಳಿಯಿದ್ದು, ಅದರಲ್ಲಿ 146 ಅಮೈನೋ ಆಮ್ಲಗಳ ಕೊಂಡಿಗಳಿರುತ್ತವೆ. ಅದನ್ನು ಹೆಣೆಯಲು ಹೇಳಿಕೊಡುವ ಜೀನ್‌ನ ಡಿಎನ್‌ಎ ಬರಹದಲ್ಲಿ ‘ಎ’ ಎಂಬ ಅಕ್ಷರ ಇರಬೇಕಾದ ಒಂದೇ ಒಂದು ಕಡೆ ‘ಟಿ’ ಬಂದು ಕುಳಿತರೆ, ಆರನೆಯ ಕೊಂಡಿಯಲ್ಲಿ ಗ್ಲುಟಾಮಿಕ್ ಆಮ್ಲದ ಬದಲು ವ್ಯಾಲೀನ್ ಸೇರಿಕೊಳ್ಳುತ್ತದೆ. ಅಷ್ಟಕ್ಕೇ ಸರಪಳಿಗಳು ಆಮ್ಲಜನಕ ಕಳೆದುಕೊಂಡಾಗ ಒಂದಕ್ಕೊಂದು ಅಂಟಿಕೊಂಡು ಉದ್ದನೆಯ ಕಡ್ಡಿಗಳಾಗುತ್ತವೆ, ಆ ಕಡ್ಡಿಗಳು ದುಂಡಗಿನ ಕಣವನ್ನು ಒಳಗಿನಿಂದಲೇ ಕುಡುಗೋಲಿನಂತೆ ಬಾಗಿಸುತ್ತವೆ.

ಇದನ್ನು ಪ್ರಯೋಗಾಲಯದಲ್ಲಿ ಕಣ್ಣಾರೆ ನೋಡಬಹುದು. ಗಾಜಿನ ಪಟ್ಟಿಯ ಮೇಲೆ ಒಂದು ತೊಟ್ಟು ರಕ್ತವನ್ನು ಹಾಕಿ, ಆಮ್ಲಜನಕವನ್ನು ಹೀರಿಕೊಳ್ಳುವ ಸೋಡಿಯಂ ಮೆಟಾಬೈಸಲ್ಫೈಟ್ ದ್ರಾವಣವನ್ನು ಬೆರೆಸಿ, ಮೇಲೊಂದು ತೆಳುಗಾಜು ಮುಚ್ಚಿ, ಗಾಳಿ ಹೋಗದಂತೆ ಅಂಚುಗಳನ್ನು ಮೆತ್ತಿ, ಸೂಕ್ಷ್ಮದರ್ಶಕದಡಿ ಇಡುತ್ತಾರೆ. ಮೊದಮೊದಲು ಎಲ್ಲವೂ ನಾಣ್ಯಗಳಂತೆ ದುಂಡಗೇ ಇರುತ್ತವೆ. ಸ್ವಲ್ಪ ಹೊತ್ತು ಕಳೆದ ಮೇಲೆ ಮತ್ತೆ ಕಣ್ಣಿಟ್ಟರೆ ಅಲ್ಲೊಂದು ಇಲ್ಲೊಂದು ಕಣ ತುದಿ ಚೂಪಾಗಿ ಸೊಟ್ಟಗಾಗಿರುತ್ತದೆ, ನೋಡುತ್ತಿರುವಂತೆಯೇ ಪಕ್ಕದ್ದೂ ಬಾಗತೊಡಗುತ್ತದೆ. ಇಂಥ ಕಣಗಳು ಕೂದಲಿಗಿಂತ ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಂಡು ದಾರಿ ಕಟ್ಟಿದಾಗ, ಆಚೆಗಿನ ಮೂಳೆ ಮಾಂಸಗಳಿಗೆ ರಕ್ತ ಹೋಗದೆ ನೋವು ಹುಟ್ಟುತ್ತದೆ. ನಿಮ್ಮ ಹುಡುಗ ಅಳುವುದು ಈ ನೋವಿಗೆ. ಆರೋಗ್ಯವಂತರ ಕೆಂಪು ಕಣ ಸುಮಾರು 120 ದಿನ ಬಾಳಿದರೆ ಇವು ಹತ್ತಿಪ್ಪತ್ತು ದಿನಕ್ಕೇ ಒಡೆದುಹೋಗುವುದರಿಂದ ರಕ್ತಹೀನತೆಯೂ ಜೊತೆಗೂಡುತ್ತದೆ.

ಹಾಗಾದರೆ ತಪ್ಪಾದ ಅಕ್ಷರವನ್ನು ಅಳಿಸಿ ಸರಿಯಾದುದನ್ನು ಬರೆಯುತ್ತಾರೆಯೇ? ಈ ಚಿಕಿತ್ಸೆಯಲ್ಲಿ ಹಾಗೆ ಮಾಡುವುದಿಲ್ಲ, ಆ ಅಕ್ಷರ ತಪ್ಪಾಗಿಯೇ ಉಳಿಯುತ್ತದೆ. ತಾಯಿಯ ಗರ್ಭದಲ್ಲಿರುವಾಗ ನಮ್ಮೆಲ್ಲರ ರಕ್ತದಲ್ಲೂ ಬೇರೊಂದು ಬಗೆಯ ಹಿಮೋಗ್ಲೋಬಿನ್ ಇರುತ್ತದೆ. ಅದರಲ್ಲಿ ಬೀಟಾ ಸರಪಳಿಯ ಬದಲು ಗಾಮಾ ಎಂಬ ಸರಪಳಿಯಿದ್ದು, ಅದನ್ನು ಹೆಣೆಯುವ ಜೀನ್ ಬೇರೆಯೇ. ಹುಟ್ಟಿದ ಕೆಲವು ತಿಂಗಳಲ್ಲಿ ದೇಹವು ಗಾಮಾ ಜೀನ್‌ನ ಬಾಯಿ ಮುಚ್ಚಿಸಿ ಬೀಟಾ ಜೀನ್‌ಗೆ ಕೆಲಸ ವಹಿಸುತ್ತದೆ. ಸಿಕಲ್ ಸೆಲ್ ಇರುವ ಹಸುಗೂಸುಗಳು ಆರು ತಿಂಗಳವರೆಗೆ ಸಾಮಾನ್ಯವಾಗಿ ನರಳದೆ ಇರುವುದು ಇದರಿಂದಲೇ ಎಂದು ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿದ್ದ ಮಕ್ಕಳ ವೈದ್ಯೆ ಜಾನೆಟ್ ವಾಟ್ಸನ್ 1948ರಲ್ಲೇ ಊಹಿಸಿದ್ದರು. ಸೌದಿ ಅರೇಬಿಯಾದ ಪೂರ್ವಭಾಗದಲ್ಲೂ ಭಾರತದಲ್ಲೂ ಕೆಲವು ರೋಗಿಗಳಲ್ಲಿ ಈ ಗರ್ಭಕಾಲದ ಹಿಮೋಗ್ಲೋಬಿನ್ ದೊಡ್ಡವರಾದ ಮೇಲೂ ಹೆಚ್ಚಾಗಿ ಉಳಿದು, ಕಾಯಿಲೆ ಸೌಮ್ಯವಾಗಿರುವುದೂ ಕಂಡುಬಂದಿತ್ತು. ಗಾಮಾ ಜೀನ್‌ನ ಬಾಯಿ ಮುಚ್ಚಿಸುವುದು ಯಾರು ಎಂಬುದಕ್ಕೆ ಮಾತ್ರ 2008ರವರೆಗೆ ಉತ್ತರವಿರಲಿಲ್ಲ. ಬಿಸಿಎಲ್11ಎ ಎಂಬ ಪ್ರೋಟೀನ್ ಆ ಕೆಲಸ ಮಾಡುತ್ತದೆಂದು ಆ ವರ್ಷ ವಿಜಯ್ ಶಂಕರನ್, ಸ್ಟುವರ್ಟ್ ಆರ್ಕಿನ್ ಮತ್ತು ಸಂಗಡಿಗರು ತೋರಿಸಿಕೊಟ್ಟರು.

ಕ್ರಿಸ್ಪರ್ ಕತ್ತರಿ ಕೆಲಸ ಮಾಡುವುದು ಇಲ್ಲಿ. ತಮ್ಮ ಮೇಲೆ ದಾಳಿ ಮಾಡಿದ ವೈರಸ್‌ಗಳ ಡಿಎನ್‌ಎ ತುಣುಕುಗಳನ್ನು ನೆನಪಿಟ್ಟುಕೊಂಡು, ಅದೇ ವೈರಸ್ ಮತ್ತೆ ಬಂದಾಗ ಕತ್ತರಿಸಿಹಾಕುವ ಉಪಾಯ ಬ್ಯಾಕ್ಟೀರಿಯಾಗಳಲ್ಲಿದೆ. ಮೊಸರು ತಯಾರಿಕೆಗೆ ಬಳಸುವ ಬ್ಯಾಕ್ಟೀರಿಯಾದಲ್ಲಿ 2007ರಲ್ಲಿ ಅದು ಪ್ರಯೋಗದಿಂದ ಖಚಿತವಾಯಿತು. ಅದನ್ನು ಬೇಕಾದ ಜೀನ್‌ನ ಕಡೆಗೆ ತಿರುಗಿಸಬಹುದೆಂದು 2012ರಲ್ಲಿ ತೋರಿಸಿದ ಎಮ್ಯಾನುಯೆಲ್ ಶಾರ್ಪಾಂಟಿಯೇ ಮತ್ತು ಜೆನಿಫರ್ ಡೌಡ್ನಾ 2020ರ ರಸಾಯನಶಾಸ್ತ್ರದ ನೊಬೆಲ್ ಪಡೆದರು. ಕ್ಯಾಸ್‌ಜೆವಿಯಲ್ಲಿ ಈ ಕತ್ತರಿ ಬಿಸಿಎಲ್11ಎ ಜೀನ್‌ನೊಳಗಿನ ಒಂದು ಚಿಕ್ಕ ಭಾಗವನ್ನು ಕೆಡಿಸುತ್ತದೆ. ಕೆಂಪು ಕಣಗಳಾಗಲಿರುವ ಕೋಶಗಳಲ್ಲಿ ಮಾತ್ರ ಆ ಜೀನ್‌ಗೆ ಚುರುಕು ಕೊಡುವ ಭಾಗವದು. ಕಾವಲುಗಾರ ಮೆತ್ತಗಾದ ಮೇಲೆ ಗಾಮಾ ಜೀನ್ ಮತ್ತೆ ಬಾಯಿ ತೆರೆಯುತ್ತದೆ, ರೋಗಿಯ ರಕ್ತದಲ್ಲಿ ಕೂಸಿನ ಕಾಲದ ಹಿಮೋಗ್ಲೋಬಿನ್ ತುಂಬಿಕೊಳ್ಳುತ್ತದೆ.

ಹೇಳುವಷ್ಟು ಸುಲಭವಾಗಿ ಇದು ನಡೆಯುವುದಿಲ್ಲ. ರೋಗಿಯ ರಕ್ತದಿಂದ, ರಕ್ತಕಣಗಳನ್ನು ಹುಟ್ಟಿಸುವ ಆಕರ ಕೋಶಗಳನ್ನು (ಸ್ಟೆಮ್ ಸೆಲ್) ಯಂತ್ರದ ಮೂಲಕ ಬೇರ್ಪಡಿಸಿ, ಕಾರ್ಖಾನೆಗೆ ಕಳಿಸಿ, ತಿದ್ದಿ, ಪರೀಕ್ಷಿಸಿ ತರಿಸಿಕೊಳ್ಳಲು ಆರು ತಿಂಗಳವರೆಗೂ ಹಿಡಿಯಬಹುದು. ಬಳಿಕ ಬುಸಲ್ಫಾನ್ ಎಂಬ ಪ್ರಬಲ ಕೀಮೋಥೆರಪಿಯಿಂದ ಹಳೆಯ ಅಸ್ಥಿಮಜ್ಜೆಯನ್ನು ಬರಿದು ಮಾಡಿ, ಹಿಮಗಟ್ಟಿಸಿಟ್ಟ ಹೊಸ ಕೋಶಗಳನ್ನು ಕರಗಿಸಿ ಡ್ರಿಪ್‌ನಂತೆ ಏರಿಸುತ್ತಾರೆ. ಕೋಶಗಳು ಕೆಡದಂತೆ ಬೆರೆಸಿದ ರಾಸಾಯನಿಕದಿಂದಾಗಿ ಆ ಹೊತ್ತಿನಲ್ಲಿ ರೋಗಿಯ ಉಸಿರು ಬೆಳ್ಳುಳ್ಳಿಯಂತೆ ನಾರುತ್ತದೆ. ಹೊಸ ಮಜ್ಜೆ ಬೇರೂರುವವರೆಗೆ ಸೋಂಕು ತಗಲದಂತೆ ನಾಲ್ಕರಿಂದ ಆರು ವಾರ ಆಸ್ಪತ್ರೆಯ ಕೋಣೆಯಲ್ಲೇ ಇರಬೇಕಾಗುತ್ತದೆ, ಮುಂದೆ ಮಕ್ಕಳಾಗದೆ ಹೋಗುವ ಅಪಾಯವೂ ಆ ಕೀಮೋಥೆರಪಿಯಿಂದ ಇದೆ. ಫಲ ಮಾತ್ರ ದೊಡ್ಡದು: ಅಮೆರಿಕದ ಅನುಮತಿಗೆ ಆಧಾರವಾದ ಪ್ರಯೋಗದಲ್ಲಿ ಸಾಕಷ್ಟು ಕಾಲ ಗಮನಿಸಲಾದ 31 ಮಂದಿಯಲ್ಲಿ 29 ಮಂದಿಗೆ ಕನಿಷ್ಠ 12 ತಿಂಗಳ ಕಾಲ ತೀವ್ರ ನೋವು ಒಮ್ಮೆಯೂ ಮರುಕಳಿಸಲಿಲ್ಲ. ಆಗ ಅನುಮತಿ ಸಿಕ್ಕಿದ್ದು 12 ವರ್ಷ ದಾಟಿದವರಿಗೆ.

ನಿಮ್ಮ ಕೈಯಲ್ಲಿರುವುದನ್ನೂ ಹೇಳಬೇಕು. ಈ ಮಕ್ಕಳ ಮೂತ್ರಪಿಂಡಗಳಿಗೆ ನೀರನ್ನು ಹಿಡಿದಿಟ್ಟುಕೊಳ್ಳುವ ಶಕ್ತಿ ಕಡಿಮೆ, ಆದ್ದರಿಂದ ಅವರಿಗೆ ಪದೇಪದೇ ಮೂತ್ರ ಬರುತ್ತದೆ. ನೀರು ಕಡಿಮೆಯಾದರೆ ಕಣಗಳು ಇನ್ನಷ್ಟು ಬಾಗುತ್ತವೆ. ಮೇಜಿನ ಮೇಲೆ ನೀರಿನ ಬಾಟಲಿ ಇಟ್ಟುಕೊಳ್ಳಲು, ಕೇಳಿದಾಗಲೆಲ್ಲ ಎದ್ದುಹೋಗಲು ಅವನಿಗೆ ಅವಕಾಶ ಕೊಡಿ. ತಣ್ಣೀರಿನ ಸ್ನಾನ, ಮಳೆಯಲ್ಲಿ ನೆನೆಯುವುದು, ಬಿಸಿಲಿನಲ್ಲಿ ದಣಿಯುವಂತೆ ಓಡುವುದು ಬೇಡ. ಜ್ವರ ಬಂದರೆ ನಾಳೆ ನೋಡೋಣವೆಂದು ಮಲಗಿಸದೆ ಅಂದೇ ಆಸ್ಪತ್ರೆಗೆ ಕಳಿಸಿ, ಏಕೆಂದರೆ ಸೋಂಕನ್ನು ತಡೆಯುವ ಗುಲ್ಮ ಈ ಮಕ್ಕಳಲ್ಲಿ ಬೇಗನೆ ಹಾಳಾಗಿರುತ್ತದೆ.

ಪ್ರಶ್ನೆ: ನನ್ನ ಮಗಳಿಗೆ ಎಂಟು ವರ್ಷ. ಹೈಡ್ರಾಕ್ಸಿಯೂರಿಯಾ ಮಾತ್ರೆ ಕೊಡುತ್ತಿದ್ದೇವೆ. ಅದು ಕ್ಯಾನ್ಸರ್ ಮಾತ್ರೆಯೆಂದು ಯಾರೋ ಹೆದರಿಸಿದರು. ಅದನ್ನು ಬಿಟ್ಟು ಹೊಸ ಚಿಕಿತ್ಸೆ ನಮ್ಮ ದೇಶಕ್ಕೆ ಬರುವವರೆಗೆ ಕಾಯಬಹುದೇ? ಅದಕ್ಕೆ ಎಷ್ಟು ಖರ್ಚಾಗುತ್ತದೆ?
– ತಂದೆ, ಗುಂಡ್ಲುಪೇಟೆ

ಉತ್ತರ: ದಯವಿಟ್ಟು ಮಾತ್ರೆ ನಿಲ್ಲಿಸಬೇಡಿ. ಅದನ್ನು ಕೆಲವು ಬಗೆಯ ರಕ್ತದ ಕ್ಯಾನ್ಸರಿಗೂ ಕೊಡುತ್ತಾರೆಂಬುದು ನಿಜ, ಆದರೆ ನಿಮ್ಮ ಮಗಳಿಗೆ ಕೊಡುತ್ತಿರುವ ಕಾರಣ ಬೇರೆ. ಮೇಲೆ ವಿವರಿಸಿದ ಗರ್ಭಕಾಲದ ಹಿಮೋಗ್ಲೋಬಿನ್ನನ್ನು ಒಂದಷ್ಟು ಮಟ್ಟಿಗೆ ಹೆಚ್ಚಿಸುವ ಗುಣ ಅದಕ್ಕಿದೆ, ಅಂದರೆ ಕೋಟಿಗಟ್ಟಲೆ ಬೆಲೆಯ ಕತ್ತರಿ ಹಿಡಿದ ದಾರಿಯಲ್ಲೇ ಈ ಅಗ್ಗದ ಮಾತ್ರೆಯೂ ನಡೆಯುತ್ತಿದೆ. ವೈದ್ಯರು ಹೇಳಿದ ಅವಧಿಗೆ ರಕ್ತಕಣಗಳ ಎಣಿಕೆ ಮಾಡಿಸುತ್ತಿದ್ದರೆ ಅದನ್ನು ವರ್ಷಗಟ್ಟಲೆ ತೆಗೆದುಕೊಳ್ಳಬಹುದು. ನೋವು ಬರುವುದು, ರಕ್ತ ಏರಿಸಬೇಕಾಗುವುದು, ಎರಡೂ ಅದರಿಂದ ಕಡಿಮೆಯಾಗುತ್ತವೆ.

ಕ್ಯಾಸ್‌ಜೆವಿಗೆ ಅಮೆರಿಕದಲ್ಲಿ ನಿಗದಿಯಾದ ಬೆಲೆ 22 ಲಕ್ಷ ಡಾಲರ್, ಅಂದಿನ ಲೆಕ್ಕದಲ್ಲಿ ಸುಮಾರು 18 ಕೋಟಿ ರೂಪಾಯಿ. ಇದನ್ನು ಬರೆಯುವಾಗ ನನಗೆ ಸಂಕಟವಾಗುತ್ತದೆ, ಏಕೆಂದರೆ ಈ ಕಾಯಿಲೆ ಹೆಚ್ಚಾಗಿರುವ ಹಾಡಿಗಳ, ಬಹುಪಾಲು ದೇಶಗಳ ಕೈಗೆ ಎಟುಕುವ ಬೆಲೆ ಇದಲ್ಲ. ಆದ್ದರಿಂದಲೇ ದೆಹಲಿಯ ಸಿಎಸ್‌ಐಆರ್ ಸಂಸ್ಥೆಯಾದ ಐಜಿಐಬಿಯಲ್ಲಿ ನಡೆಯುತ್ತಿರುವ ಕೆಲಸ ಮುಖ್ಯವಾದುದು. ಅಲ್ಲಿನ ವಿಜ್ಞಾನಿಗಳು ಬೇರೊಂದು ಬ್ಯಾಕ್ಟೀರಿಯಾದ ಕತ್ತರಿಯನ್ನು ಮಾರ್ಪಡಿಸಿ ರೂಪಿಸಿದ ಚಿಕಿತ್ಸೆಯನ್ನು 2025ರ ನವೆಂಬರ್‌ನಲ್ಲಿ, ಬಿರ್ಸಾ ಮುಂಡಾ ಅವರ 150ನೇ ಜನ್ಮವರ್ಷದ ನೆನಪಿಗೆ, ‘ಬಿರ್ಸಾ 101’ ಎಂಬ ಹೆಸರಿನಲ್ಲಿ ಪ್ರಕಟಿಸಲಾಯಿತು. ತಂತ್ರಜ್ಞಾನವನ್ನು ಪುಣೆಯ ಸೀರಮ್ ಇನ್‌ಸ್ಟಿಟ್ಯೂಟ್‌ಗೆ ವಹಿಸಿಕೊಡಲಾಗಿದೆ. ರೋಗಿಗಳ ಮೇಲಿನ ಪ್ರಯೋಗಗಳಲ್ಲಿ ಅದರ ಸುರಕ್ಷತೆ ಮತ್ತು ಫಲ ಎರಡೂ ಸಾಬೀತಾದ ಮೇಲಷ್ಟೇ ನಿಮ್ಮ ಮಗಳ ವೈದ್ಯರು ಅದನ್ನು ಬರೆದುಕೊಡಲು ಸಾಧ್ಯ.

ಅಲ್ಲಿಯವರೆಗೆ ಇನ್ನೊಂದು ದಾರಿಯನ್ನೂ ವಿಚಾರಿಸಿ. ಒಡಹುಟ್ಟಿದವರ ಅಸ್ಥಿಮಜ್ಜೆ ಪೂರ್ತಿ ಹೊಂದಿಕೆಯಾದರೆ ಕಸಿ ಮಾಡಿ ಕಾಯಿಲೆಯನ್ನು ವಾಸಿ ಮಾಡುವುದು ದಶಕಗಳಿಂದ ನಡೆದುಬಂದಿದೆ. ಒಬ್ಬ ಅಣ್ಣನದೋ ತಂಗಿಯದೋ ಮಜ್ಜೆ ಹೊಂದುವ ಸಾಧ್ಯತೆ ನಾಲ್ಕರಲ್ಲಿ ಒಂದು. ಕಸಿಗೂ ಕೀಮೋಥೆರಪಿ ಬೇಕು, ಅದರದೇ ಅಪಾಯಗಳಿವೆ. ಆದರೂ ಚಿಕ್ಕ ವಯಸ್ಸಿನಲ್ಲಿ ಮಾಡಿದಷ್ಟೂ ಫಲಿತಾಂಶ ಚೆನ್ನಾಗಿರುವುದರಿಂದ ಈಗಲೇ ಕೇಳಿ ತಿಳಿಯುವುದು ಒಳ್ಳೆಯದು.

ಪ್ರಶ್ನೆ: ಊರಿನಲ್ಲಿ ನಡೆದ ತಪಾಸಣೆಯಲ್ಲಿ ನನಗೆ ಹಳದಿ ಬಣ್ಣದ ಪಟ್ಟಿಯಿರುವ ಕಾರ್ಡು ಕೊಟ್ಟು ‘ನೀನು ವಾಹಕ’ ಎಂದರು. ನನಗೆ ಯಾವ ತೊಂದರೆಯೂ ಇಲ್ಲ. ಮುಂದಿನ ವರ್ಷ ಮದುವೆ. ನಾನೂ ಜೀನ್ ತಿದ್ದಿಸಿಕೊಳ್ಳಬೇಕೇ?
– ಹೆಸರು ಬೇಡ, ಚಾಮರಾಜನಗರ ಜಿಲ್ಲೆ

ಉತ್ತರ: ಬೇಕಿಲ್ಲ. ಬೀಟಾ ಜೀನ್‌ನ ಎರಡು ಪ್ರತಿಗಳಲ್ಲಿ ಒಂದು ಮಾತ್ರ ತಪ್ಪಿರುವವರು ವಾಹಕರು, ನಿಮಗೆ ಕಾಯಿಲೆಯಿಲ್ಲ. ಮಲೇರಿಯಾ ಹಬ್ಬಿದ ಕಾಡುಗಳಲ್ಲಿ ವಾಹಕರಾದ ಮಕ್ಕಳು ಉಳಿದವರಿಗಿಂತ ಹೆಚ್ಚಾಗಿ ಬದುಕಿ ಉಳಿದದ್ದರಿಂದಲೇ ಈ ಅಕ್ಷರ ಕಾಡಂಚಿನ ಸಮುದಾಯಗಳಲ್ಲಿ ನೆಲೆಯಾಯಿತು. ಭಾರತದಲ್ಲಿ ಇದು ಮೊದಲು ವರದಿಯಾದದ್ದು 1952ರಲ್ಲಿ, ನಿಮ್ಮ ಜಿಲ್ಲೆಗೆ ಅಂಟಿಕೊಂಡಿರುವ ನೀಲಗಿರಿಯ ಬುಡಕಟ್ಟು ಜನರಲ್ಲಿ. ನಮ್ಮಲ್ಲಿ ಸೋಲಿಗರು, ಜೇನುಕುರುಬರು, ಯರವರಲ್ಲೂ ಕಂಡುಬಂದಿದೆ. ಇದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ.

ನೀವು ಮದುವೆಯಾಗುವವರೂ ತಪಾಸಣೆ ಮಾಡಿಸಿಕೊಳ್ಳಲಿ. ಇಬ್ಬರೂ ವಾಹಕರಾಗಿದ್ದರೆ ಪ್ರತಿ ಬಸಿರಿನಲ್ಲೂ ಮಗುವಿಗೆ ಕಾಯಿಲೆ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಅವರು ಬೀಟಾ ಥಲಸೇಮಿಯಾ (ಅದೇ ಬೀಟಾ ಜೀನ್‌ನ ಇನ್ನೊಂದು ದೋಷ) ವಾಹಕರಾಗಿದ್ದರೂ ಹೆಚ್ಚುಕಡಿಮೆ ಇದೇ ಲೆಕ್ಕ ಎಂಬುದನ್ನು ಬಹಳ ಮಂದಿ ಮರೆಯುತ್ತಾರೆ, ಆದ್ದರಿಂದ ಎಚ್‌ಪಿಎಲ್‌ಸಿ ಎಂಬ ಪರೀಕ್ಷೆಯನ್ನೇ ಮಾಡಿಸಿ, ಅದರಲ್ಲಿ ಎರಡೂ ತಿಳಿಯುತ್ತವೆ. 2023ರ ಜುಲೈ 1ರಂದು ಮಧ್ಯಪ್ರದೇಶದ ಶಹಡೋಲ್‌ನಲ್ಲಿ ಆರಂಭವಾದ ರಾಷ್ಟ್ರೀಯ ಅಭಿಯಾನವು ಕರ್ನಾಟಕವೂ ಸೇರಿ 17 ರಾಜ್ಯಗಳಲ್ಲಿ 40 ವರ್ಷದೊಳಗಿನ 7 ಕೋಟಿ ಜನರ ತಪಾಸಣೆಯ ಗುರಿ ಇಟ್ಟುಕೊಂಡಿರುವುದು ಮುಖ್ಯವಾಗಿ ನಿಮ್ಮಂಥ ಯುವಜನರಿಗೆ ಮದುವೆಗೆ ಮೊದಲೇ ಈ ಮಾಹಿತಿ ಸಿಗಲಿ ಎಂದು.

ಪ್ರಶ್ನೆ: ಭ್ರೂಣದಲ್ಲೇ ಜೀನ್ ತಿದ್ದಿಬಿಟ್ಟರೆ ಕಾಯಿಲೆ ವಂಶದಿಂದಲೇ ಹೋಗುತ್ತದಲ್ಲವೇ? ಹಾಗೇಕೆ ಮಾಡುವುದಿಲ್ಲ?
– ಪಿಯುಸಿ ವಿದ್ಯಾರ್ಥಿ, ಮಡಿಕೇರಿ

ಉತ್ತರ: ಒಳ್ಳೆಯ ಪ್ರಶ್ನೆ, ಮತ್ತು ಇದನ್ನು ಒಬ್ಬರು ಮಾಡಿಯೂ ನೋಡಿದ್ದಾರೆ. ಚೀನಾದ ಹ ಜಿಯಾನ್‌ಕುಯಿ ಎಂಬ ವಿಜ್ಞಾನಿ ಭ್ರೂಣದ ಹಂತದಲ್ಲೇ ಜೀನ್ ತಿದ್ದಿದ ಅವಳಿ ಹೆಣ್ಣುಮಕ್ಕಳು ಹುಟ್ಟಿದ್ದಾರೆಂದು 2018ರ ನವೆಂಬರ್‌ನಲ್ಲಿ ಘೋಷಿಸಿದರು. ಎಚ್‌ಐವಿ ತಗಲದಂತೆ ಮಾಡುವುದು ಅವರ ಉದ್ದೇಶವಾಗಿತ್ತು. ಜಗತ್ತಿನ ವಿಜ್ಞಾನಿಗಳೆಲ್ಲ ಖಂಡಿಸಿದರು, ಮರುವರ್ಷ ಚೀನಾದ ನ್ಯಾಯಾಲಯ ಅವರಿಗೆ ಮೂರು ವರ್ಷ ಸೆರೆವಾಸ ವಿಧಿಸಿತು. ಕತ್ತರಿ ಕೆಲವೊಮ್ಮೆ ಬೇಡದ ಕಡೆಯಲ್ಲೂ ಕತ್ತರಿಸುತ್ತದೆ. ರೋಗಿಯ ಮಜ್ಜೆಯಲ್ಲಿ ಅಂಥ ತಪ್ಪಾದರೆ ಅದು ಆ ಒಬ್ಬರೊಂದಿಗೇ ಮುಗಿಯುತ್ತದೆ, ಅದೂ ಅವರ ಒಪ್ಪಿಗೆ ಪಡೆದ ಮೇಲೆ ನಡೆದ ಚಿಕಿತ್ಸೆ. ಭ್ರೂಣದಲ್ಲಿ ಆದ ತಪ್ಪು ಮೈಯ ಎಲ್ಲ ಕೋಶಗಳಿಗೂ, ಅಲ್ಲಿಂದ ಮಕ್ಕಳು ಮೊಮ್ಮಕ್ಕಳಿಗೂ ಹೋಗಬಹುದು, ಅವರಲ್ಲಿ ಯಾರನ್ನೂ ಕೇಳುವ ದಾರಿಯಿಲ್ಲ.

ಹುಟ್ಟಿದ ಮೇಲೆ ತಿದ್ದುವ ವಿದ್ಯೆ ಈಗ ಎಷ್ಟು ಚುರುಕಾಗಿದೆಯೆಂಬುದಕ್ಕೆ ಅಮೆರಿಕದ ಫಿಲಡೆಲ್ಫಿಯಾದ ಒಂದು ಮಗುವಿನ ಉದಾಹರಣೆ ಹೇಳುತ್ತೇನೆ. ದೇಹದಲ್ಲಿ ಅಮೋನಿಯಾ ತುಂಬಿಕೊಳ್ಳುವ ಅತಿ ವಿರಳ ಕಾಯಿಲೆಯೊಂದಿಗೆ ಹುಟ್ಟಿದ ಆ ಮಗುವಿಗಾಗಿ, ಅದರ ಜೀನ್‌ನಲ್ಲಿದ್ದ ತಪ್ಪಿಗೆಂದೇ, ಕಿರಣ್ ಮುಸುನೂರು, ರೆಬೆಕಾ ಅಹ್ರೆನ್ಸ್-ನಿಕ್ಲಾಸ್ ಮತ್ತು ಸಂಗಡಿಗರು ಆರೇ ತಿಂಗಳಲ್ಲಿ ಔಷಧ ತಯಾರಿಸಿ 2025ರ ಫೆಬ್ರುವರಿಯಲ್ಲಿ ಕೊಟ್ಟರು. ಡಿಎನ್‌ಎ ಎಳೆಗಳೆರಡನ್ನೂ ತುಂಡರಿಸದೆ ಒಂದು ಅಕ್ಷರವನ್ನಷ್ಟೇ ಬದಲಿಸುವ ಹೊಸ ಬಗೆಯ ತಿದ್ದುಪಡಿ ಅದು. ಮಜ್ಜೆಯನ್ನು ಹೊರತೆಗೆಯುವ, ಕೀಮೋಥೆರಪಿ ಕೊಡುವ ಕಷ್ಟ ಅಲ್ಲಿರಲಿಲ್ಲ; ಕೊಬ್ಬಿನ ಸಣ್ಣ ಕಣಗಳಲ್ಲಿ ಸುತ್ತಿದ ಔಷಧ ರಕ್ತನಾಳದ ಮೂಲಕ ಯಕೃತ್ತನ್ನು ಸೇರಿತು. ರಕ್ತದಿಂದ ಯಕೃತ್ತಿಗೆ ಇಂಥ ಕಣಗಳು ತಾವಾಗಿಯೇ ಹೋಗಿ ಸೇರುತ್ತವೆ, ಅಸ್ಥಿಮಜ್ಜೆಯ ಆಕರ ಕೋಶಗಳಿಗೆ ಅಷ್ಟು ಸುಲಭವಾಗಿ ಹೋಗುವುದಿಲ್ಲ. ಅವುಗಳನ್ನು ಅಲ್ಲಿಗೆ ಮುಟ್ಟಿಸುವ ದಾರಿಯನ್ನು ಹಲವು ಪ್ರಯೋಗಾಲಯಗಳು ಈಗ ಹುಡುಕುತ್ತಿವೆ. ಅದು ಸಿಕ್ಕ ದಿನ ಸಿಕಲ್ ಸೆಲ್ ಚಿಕಿತ್ಸೆಯನ್ನು ತಾಲ್ಲೂಕು ಆಸ್ಪತ್ರೆಯಲ್ಲಿ ಒಂದು ಡ್ರಿಪ್‌ನಂತೆ ಕೊಡಲು ಸಾಧ್ಯವಾದೀತು.