ಅಮೆರಿಕ ನಿಜವಾಗಿಯೂ ಒಂದು ವಿಚಾರದ ಮೇಲೆ ಕಟ್ಟಿದ ದೇಶವೇ?

ನೀವು ಎರಡು ಪ್ರಶ್ನೆಗಳನ್ನು ಒಟ್ಟಿಗೆ ಕೇಳಿದ್ದೀರಿ. ಅಮೆರಿಕ ಭಾಷೆ, ಕುಲ, ಮತಗಳನ್ನು ಆಧರಿಸದೆ ಒಂದು ವಿಚಾರದ ಮೇಲೆ ನಿಂತ ದೇಶವೆಂಬ ಮಾತು ನಿಜವೇ ಎಂಬುದು ಮೊದಲನೆಯದು. ಬ್ರಿಟನ್ನಿನಿಂದ ಸ್ವಾತಂತ್ರ್ಯ ಘೋಷಿಸಿಕೊಂಡ 1776ರಲ್ಲಿಯೇ ಅಲ್ಲಿನವರಿಗೆ ‘ನಾವು ಅಮೆರಿಕನ್ನರು’ ಎಂಬ ಭಾವನೆ ಇತ್ತೇ ಎಂಬುದು ಎರಡನೆಯದು. ಪದವಿ ತರಗತಿಗಳಲ್ಲಿ ಹಲವು ವರ್ಷ ಇತಿಹಾಸ ಪಾಠ ಮಾಡಿದವನಾಗಿ ನನ್ನ ತಿಳಿವಳಿಕೆಯನ್ನು ಹೇಳುತ್ತೇನೆ. ಎರಡನೆಯದಕ್ಕೆ ಬಹುಮಟ್ಟಿಗೆ ‘ಇಲ್ಲ’ ಎಂದೇ ಉತ್ತರ. ಮೊದಲನೆಯದಕ್ಕೆ ‘ಹೌದು’ ಎನ್ನಬಹುದು, ಆದರೆ ಆ ವಿಚಾರಕ್ಕೆ ಬಲ ತುಂಬಿದವರಲ್ಲಿ ಅದನ್ನು ಬರೆದವರಿಗಿಂತ, ಬರೆದವರು ಲೆಕ್ಕಕ್ಕೇ ತೆಗೆದುಕೊಳ್ಳದಿದ್ದ ಜನರ ಪಾಲು ದೊಡ್ಡದು ಎಂಬುದು ನನ್ನ ಖಚಿತ ಅಭಿಪ್ರಾಯ.

ಮೊದಲು ಒಂದು ಪದದ ಕಥೆಯನ್ನು ನೋಡಿ. ಸ್ವಾತಂತ್ರ್ಯ ಘೋಷಣೆಯ ಕರಡನ್ನು ಬರೆಯುತ್ತಿದ್ದಾಗ ಥಾಮಸ್ ಜೆಫರ್ಸನ್ ಒಂದು ಕಡೆ ಜನರನ್ನು ಕುರಿತು ‘ಸಬ್ಜೆಕ್ಟ್ಸ್’ ಎಂದು ಬರೆದಿದ್ದರು. ಆಮೇಲೆ ಮಸಿ ಒಣಗುವ ಮುಂಚೆಯೇ ಅದನ್ನು ಉಜ್ಜಿ ಅಳಿಸಿ, ಅದರ ಮೇಲೆಯೇ ‘ಸಿಟಿಜನ್ಸ್’ ಎಂದು ತಿದ್ದಿದರು. ಬೇಡವಾದ ಪದಗಳನ್ನು ಅವರು ಬೇರೆಡೆಗಳಲ್ಲಿ ಸುಮ್ಮನೆ ಹೊಡೆದುಹಾಕಿದ್ದಾರೆ, ಇದನ್ನು ಮಾತ್ರ ಕಾಣದಂತೆ ಮಾಡಿದ್ದಾರೆ. ಅಡಿಯಲ್ಲಿದ್ದ ಪದ ಯಾವುದೆಂಬುದನ್ನು ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ 2010ರಲ್ಲಿ ವಿಶೇಷ ಛಾಯಾಚಿತ್ರ ತಂತ್ರದಿಂದ ಪತ್ತೆಹಚ್ಚಿ ಪ್ರಕಟಿಸಿತು. ಕನ್ನಡದಲ್ಲಿ ಓದುವ ನಮಗೆ ಈ ತಿದ್ದುಪಡಿಯ ತೂಕ ಒಮ್ಮೆಗೇ ತಿಳಿಯುವುದಿಲ್ಲ, ಏಕೆಂದರೆ ನಾವು ಎರಡಕ್ಕೂ ‘ಪ್ರಜೆ’ ಎಂದೇ ಹೇಳುತ್ತೇವೆ. ರಾಜನ ಆಳ್ವಿಕೆಗೆ ಒಳಪಟ್ಟವನೂ ಪ್ರಜೆ, ಪ್ರಜಾಪ್ರಭುತ್ವದಲ್ಲಿ ಆಳುವ ಹಕ್ಕುಳ್ಳವನೂ ಪ್ರಜೆ. ಜೆಫರ್ಸನ್ ಅಳಿಸಿದ್ದು ಮೊದಲನೆಯ ಪ್ರಜೆಯನ್ನು, ಬರೆದದ್ದು ಎರಡನೆಯ ಪ್ರಜೆಯನ್ನು. ಆ ವಯಸ್ಸಿನವರೆಗೂ ಜಾರ್ಜ್ ದೊರೆಯ ಪ್ರಜೆಯಾಗಿಯೇ ಬದುಕಿದ್ದ 33 ವರ್ಷದ ಮನುಷ್ಯನ ಕೈ ರೂಢಿಯಂತೆ ಹಳೆಯ ಪದವನ್ನೇ ಬರೆಯಿತು ಎನ್ನುವುದು ನನಗೆ ಸಹಜವಾಗಿಯೇ ಕಾಣುತ್ತದೆ.

ಆದರೆ ಆ ಜನರು ಯಾವ ದೇಶದ ನಾಗರಿಕರು? ಜೆಫರ್ಸನ್ ‘ನನ್ನ ದೇಶ’ ಎಂದು ಬರೆದಾಗ ಅನೇಕ ಸಲ ಅದರ ಅರ್ಥ ವರ್ಜೀನಿಯ. ನಾವು ‘ನಮ್ಮ ನಾಡು’ ಎನ್ನುವಾಗ ಇರುವ ಆಪ್ತತೆ ಅವರಿಗೆ ಇದ್ದದ್ದು ತಮ್ಮ ತಮ್ಮ ವಸಾಹತಿನ ಮೇಲೆ. ಘೋಷಣೆಯ ಕೊನೆಯ ಭಾಗವೂ ಒಂದು ಹೊಸ ರಾಷ್ಟ್ರ ಹುಟ್ಟಿತೆಂದು ಹೇಳುವುದಿಲ್ಲ. ಈ ವಸಾಹತುಗಳು ‘ಸ್ವತಂತ್ರ ರಾಜ್ಯಗಳು’ ಎಂದು ಬಹುವಚನದಲ್ಲಿ ಸಾರುತ್ತದೆ. ಮಗಳ ಮನೆಗೆಂದು ಅಮೆರಿಕಕ್ಕೆ ಹೋಗಿದ್ದಾಗ ವಾಷಿಂಗ್ಟನ್ನಿನ ರಾಷ್ಟ್ರೀಯ ಪತ್ರಾಗಾರದಲ್ಲಿ ಆ ಚರ್ಮಪತ್ರವನ್ನು ನೋಡಿದೆ. ಮಂದ ಬೆಳಕು, ಮಸಿ ಬಹುತೇಕ ಮಾಸಿಹೋಗಿದೆ, ಸಹಿಗಳಂತೂ ಕಷ್ಟಪಟ್ಟರೂ ಕಾಣುವುದಿಲ್ಲ. ಆದರೂ ಮೇಲಿನ ದೊಡ್ಡಕ್ಷರದ ಶೀರ್ಷಿಕೆಯನ್ನು ಓದಬಹುದು. ಅದರಲ್ಲಿ ‘ಸಂಯುಕ್ತ’ ಎಂಬರ್ಥದ ಪದವನ್ನು ಇಂಗ್ಲಿಷಿನ ಚಿಕ್ಕ ಅಕ್ಷರದಿಂದ ಆರಂಭಿಸಿ ಬರೆದಿದ್ದಾರೆ. ಹದಿಮೂರು ರಾಜ್ಯಗಳು ಆ ಹೊತ್ತಿಗೆ ಒಂದುಗೂಡಿವೆ ಎಂಬ ವರ್ಣನೆಯಷ್ಟೇ ಅಲ್ಲಿ ಇರುವುದು, ಅದಿನ್ನೂ ಒಂದು ದೇಶದ ಹೆಸರಾಗಿರಲಿಲ್ಲ ಎಂದು ನಾನು ಅದನ್ನು ಓದಿಕೊಂಡೆ.

1781ರಲ್ಲಿ ಜಾರಿಗೆ ಬಂದ ಮೊದಲ ಒಕ್ಕೂಟ ಒಪ್ಪಂದವು ತನ್ನನ್ನು ‘ಸ್ನೇಹದ ಕೂಟ’ ಎಂದೇ ಕರೆದುಕೊಂಡಿತು. ರಾಜ್ಯಕ್ಕೊಂದು ಮತ, ಕೇಂದ್ರಕ್ಕೆ ತೆರಿಗೆ ಹಾಕುವ ಅಧಿಕಾರವಿಲ್ಲ. ಅದು ಸೋತಿತು. 1787ರ ಬೇಸಿಗೆಯಲ್ಲಿ ಫಿಲಡೆಲ್ಫಿಯದಲ್ಲಿ ಸಂವಿಧಾನ ರಚನೆಗೆ ಕುಳಿತವರು ಪೀಠಿಕೆಯ ಮೊದಲ ಕರಡಿನಲ್ಲಿ ‘ನ್ಯೂ ಹ್ಯಾಂಪ್‌ಶೈರ್, ಮ್ಯಾಸಚೂಸೆಟ್ಸ್…’ ಎಂದು ರಾಜ್ಯಗಳನ್ನು ಒಂದೊಂದಾಗಿ ಹೆಸರಿಸಿ ‘ಈ ರಾಜ್ಯಗಳ ಜನರಾದ ನಾವು’ ಎಂದಿದ್ದರು. ಭಾಷೆಯನ್ನು ತಿದ್ದುವ ಸಮಿತಿಯಲ್ಲಿದ್ದ ಗವರ್ನರ್ ಮಾರಿಸ್ (ಗವರ್ನರ್ ಎಂಬುದು ಅವರ ಹೆಸರೇ ಹೊರತು ಹುದ್ದೆಯಲ್ಲ) ಆ ಪಟ್ಟಿಯನ್ನು ತೆಗೆದು ‘ಸಂಯುಕ್ತ ಸಂಸ್ಥಾನದ ಜನರಾದ ನಾವು’ ಎಂದು ಮಾಡಿದರು. ಒಂಬತ್ತು ರಾಜ್ಯಗಳು ಒಪ್ಪಿದರೆ ಸಂವಿಧಾನ ಜಾರಿಯಾಗುತ್ತದೆ ಎಂದು ಗೊತ್ತುಮಾಡಿದ್ದರು, ಯಾವ ಒಂಬತ್ತು ಒಪ್ಪುತ್ತವೆಯೋ ಯಾರಿಗೂ ತಿಳಿದಿರಲಿಲ್ಲ, ರೋಡ್ ಐಲೆಂಡ್ ಅಂತೂ ಪ್ರತಿನಿಧಿಗಳನ್ನೇ ಕಳಿಸಿರಲಿಲ್ಲ. ಹೀಗಿರುವಾಗ ಹೆಸರುಗಳನ್ನು ಬರೆಯುವುದು ಹೇಗೆ? ಮುಂದೆ ನಮ್ಮ ಸಂವಿಧಾನದ ‘ಭಾರತದ ಜನತೆಯಾದ ನಾವು’ ಎಂಬ ಆರಂಭದಲ್ಲಿಯೂ ಮಾರ್ದನಿಸಿದ ಆ ಮಾತಿನ ಹಿಂದೆ ಇಂಥದೊಂದು ವ್ಯಾವಹಾರಿಕ ತೊಡಕೂ ಇತ್ತು.

ಆ ಬದಲಾವಣೆಯ ಅರ್ಥವನ್ನು ಚೆನ್ನಾಗಿ ಗ್ರಹಿಸಿದವರು ಅದನ್ನು ವಿರೋಧಿಸಿದವರು. 1774ರಲ್ಲಿ ವಸಾಹತುಗಳ ಮೊದಲ ಮಹಾಸಭೆಯಲ್ಲಿ ಪ್ಯಾಟ್ರಿಕ್ ಹೆನ್ರಿ ‘ನಾನು ವರ್ಜೀನಿಯದವನಲ್ಲ, ಅಮೆರಿಕನ್’ ಎಂದಿದ್ದರು. ಶಾಲಾ ಪುಸ್ತಕಗಳು ಇಷ್ಟಕ್ಕೇ ನಿಲ್ಲಿಸುತ್ತವೆ. ಆ ದಿನದ ಚರ್ಚೆ ಇದ್ದದ್ದು ಮತಗಳನ್ನು ಜನಸಂಖ್ಯೆಗೆ ಅನುಗುಣವಾಗಿ ಹಂಚಬೇಕೇ ಎಂಬುದರ ಮೇಲೆ. ಹಾಗೆ ಹಂಚಿದ್ದರೆ ಎಲ್ಲಕ್ಕಿಂತ ಹೆಚ್ಚು ಜನರಿದ್ದ ವರ್ಜೀನಿಯಕ್ಕೇ ಲಾಭವಾಗುತ್ತಿತ್ತು. ಅದೇ ಹೆನ್ರಿ 1788ರಲ್ಲಿ ವರ್ಜೀನಿಯದ ಸಭೆಯಲ್ಲಿ ಎದ್ದು ನಿಂತು, ‘ರಾಜ್ಯಗಳಾದ ನಾವು’ ಎನ್ನುವುದನ್ನು ಬಿಟ್ಟು ‘ಜನರಾದ ನಾವು’ ಎಂದು ಮಾತನಾಡಲು ಇವರಿಗೆ ಅಧಿಕಾರ ಕೊಟ್ಟವರು ಯಾರು ಎಂದು ಕೇಳಿದರು. ಅವರನ್ನು ಮಾತು ತಪ್ಪಿದವರೆಂದು ನಾನು ಕಾಣುವುದಿಲ್ಲ. ಅಂದಿನ ಎಷ್ಟೋ ಜನರಿಗೆ ‘ಅಮೆರಿಕನ್’ ಎಂಬುದು ಬ್ರಿಟನ್ನಿನ ಎದುರು ನಿಲ್ಲುವಾಗ ಒದಗುತ್ತಿದ್ದ ಹೆಸರಾಗಿತ್ತು, ಮನೆಗೆ ಮರಳಿದಾಗ ಅವರು ಮತ್ತೆ ವರ್ಜೀನಿಯದವರೇ ಆಗುತ್ತಿದ್ದರು.

ಇನ್ನು, ಭಾಷೆ ಕುಲಗಳನ್ನು ಆಧರಿಸಲಿಲ್ಲ ಎಂಬ ಮಾತು. ಸಂವಿಧಾನವನ್ನು ಸಮರ್ಥಿಸಿ 1787ರಲ್ಲಿ ಪತ್ರಿಕೆಗೆ ಬರೆದ ಜಾನ್ ಜೇ, ಒಂದೇ ಪೂರ್ವಜರಿಂದ ಬಂದು, ಒಂದೇ ಭಾಷೆಯಾಡಿ, ಒಂದೇ ಮತವನ್ನು ನಂಬುವ ಒಂದು ಜನಾಂಗಕ್ಕೆ ದೈವವು ಈ ನೆಲವನ್ನು ಕೊಟ್ಟಿದೆ ಎಂದು ವಾದಿಸಿದರು. ಸ್ವತಃ ಜೇ ಅವರ ಪೂರ್ವಜರು ಫ್ರೆಂಚರು ಮತ್ತು ಡಚ್ಚರು. ಪೆನ್ಸಿಲ್ವೇನಿಯದಲ್ಲಿ ಸುಮಾರು ಮೂರನೆಯ ಒಂದು ಪಾಲು ಜನ ಜರ್ಮನ್ ಮೂಲದವರಾಗಿದ್ದು, ಸ್ವಾತಂತ್ರ್ಯ ಘೋಷಣೆ ಅಂಗೀಕಾರವಾದ ಸುದ್ದಿಯನ್ನು 1776ರ ಜುಲೈ 5ರಂದು ಮೊದಲು ಅಚ್ಚು ಹಾಕಿದ್ದು ಫಿಲಡೆಲ್ಫಿಯದ ಒಂದು ಜರ್ಮನ್ ಭಾಷೆಯ ಪತ್ರಿಕೆ. 1790ರ ಮೊದಲ ಜನಗಣತಿಯಲ್ಲಿ ದೇಶದ 39 ಲಕ್ಷ ಜನರಲ್ಲಿ ಹತ್ತಿರ ಹತ್ತಿರ 7 ಲಕ್ಷ ಮಂದಿ ಗುಲಾಮರಾಗಿದ್ದರು. ಮೂಲನಿವಾಸಿಗಳನ್ನಂತೂ ಸ್ವಾತಂತ್ರ್ಯ ಘೋಷಣೆಯೇ ‘ದಯೆಯಿಲ್ಲದ ಕಾಡು ಜನ’ ಎಂದು ಕರೆದಿದೆ. ಅಂದರೆ ಕುಲದ ಮೇಲೆ ದೇಶ ಕಟ್ಟುವ ಆಸೆ ಆ ಕಾಲದವರಿಗೆ ಇರಲಿಲ್ಲವೆಂದಲ್ಲ. ಅವರ ಕಣ್ಣೆದುರಿಗಿದ್ದ ಜನಸಮುದಾಯ ಆ ಆಸೆಗೆ ಹೊಂದಿಕೊಳ್ಳುವಂತಿರಲಿಲ್ಲ.

‘ಎಲ್ಲ ಮನುಷ್ಯರೂ ಸಮಾನರಾಗಿ ಸೃಷ್ಟಿಯಾಗಿದ್ದಾರೆ’ ಎಂದು ಬರೆದ ಜೆಫರ್ಸನ್ ತಮ್ಮ ಜೀವಿತಾವಧಿಯಲ್ಲಿ 600ಕ್ಕೂ ಹೆಚ್ಚು ಮಂದಿಯನ್ನು ಗುಲಾಮರಾಗಿ ಇಟ್ಟುಕೊಂಡಿದ್ದರು. ಇದನ್ನು ನೀವು ಕೇಳಿಯೇ ಇರುತ್ತೀರಿ, ಹಾಗಾಗಿ ಬೆಳೆಸುವುದಿಲ್ಲ. ನನ್ನನ್ನು ಹೆಚ್ಚು ಹಿಡಿದಿಡುವುದು ಮ್ಯಾಸಚೂಸೆಟ್ಸಿನ ಶೆಫೀಲ್ಡ್ ಎಂಬ ಊರಿನ ಬೆಟ್ ಎಂಬ ಹೆಂಗಸಿನ ಕಥೆ. ಜಾನ್ ಆ್ಯಶ್ಲಿ ಎಂಬ ಸಿರಿವಂತನ ಮನೆಯಲ್ಲಿ ಆಕೆ ಗುಲಾಮಳಾಗಿದ್ದಳು. ಮನೆಯ ಯಜಮಾನಿ ಕಾದ ಒಲೆಸಲಿಕೆಯಿಂದ ಇನ್ನೊಬ್ಬ ಹುಡುಗಿಯನ್ನು ಹೊಡೆಯಲು ಹೋದಾಗ ಬೆಟ್ ಅಡ್ಡ ಬಂದಳು, ಏಟು ಅವಳ ತೋಳಿಗೆ ಬಿತ್ತು. ಆ ಗಾಯದ ಗುರುತನ್ನು ಆಕೆ ಕೊನೆಯವರೆಗೂ ಮುಚ್ಚಿಕೊಳ್ಳಲಿಲ್ಲವೆಂದು ಆಕೆಯನ್ನು ಬಲ್ಲವರು ಬರೆದಿದ್ದಾರೆ. ಆಕೆಗೆ ಓದು ಬರಹ ಬರುತ್ತಿರಲಿಲ್ಲ. ಆದರೆ 1780ರ ಮ್ಯಾಸಚೂಸೆಟ್ಸ್ ಸಂವಿಧಾನವು ‘ಎಲ್ಲ ಮನುಷ್ಯರೂ ಸ್ವತಂತ್ರರಾಗಿ, ಸಮಾನರಾಗಿ ಹುಟ್ಟಿದ್ದಾರೆ’ ಎಂದು ಹೇಳುತ್ತದೆಂಬುದು ಆಕೆಯ ಕಿವಿಗೆ ಬಿದ್ದಿತ್ತು. ಆಕೆ ವಕೀಲ ಥಿಯೊಡೋರ್ ಸೆಜ್ವಿಕ್ ಅವರ ಬಳಿಗೆ ಹೋಗಿ, ಈ ಕಾನೂನು ತನಗೂ ಸ್ವಾತಂತ್ರ್ಯ ಕೊಡುವುದಿಲ್ಲವೇ ಎಂದು ಕೇಳಿದಳು. 1781ರಲ್ಲಿ ಗ್ರೇಟ್ ಬ್ಯಾರಿಂಗ್ಟನ್ನಿನ ನ್ಯಾಯಾಲಯದಲ್ಲಿ ಜ್ಯೂರಿಗಳು ಆಕೆಯ ಪರವಾಗಿ ತೀರ್ಪು ಕೊಟ್ಟರು. ಪರಿಹಾರವಾಗಿ ಸಿಕ್ಕಿದ್ದು 30 ಶಿಲಿಂಗ್. ಆಕೆ ಎಲಿಜಬೆತ್ ಫ್ರೀಮನ್ ಎಂದು ಹೆಸರಿಟ್ಟುಕೊಂಡಳು. ಇಂಥ ಇನ್ನೂ ಕೆಲವು ಮೊಕದ್ದಮೆಗಳು ನಡೆದ ಮೇಲೆ, 1790ರ ಜನಗಣತಿಯಲ್ಲಿ ಮ್ಯಾಸಚೂಸೆಟ್ಸಿನ ಗುಲಾಮರ ಕಾಲಮ್ಮಿನಲ್ಲಿ ಒಬ್ಬರ ಲೆಕ್ಕವೂ ಇರಲಿಲ್ಲ.

ಮೇರಿಲ್ಯಾಂಡಿನ ಸ್ವತಂತ್ರ ಕಪ್ಪು ಜನರಲ್ಲೊಬ್ಬರಾದ ಬೆಂಜಮಿನ್ ಬ್ಯಾನಕರ್ 1791ರ ಆಗಸ್ಟಿನಲ್ಲಿ ತಾವೇ ಗಣಿಸಿದ ಪಂಚಾಂಗದ ಹಸ್ತಪ್ರತಿಯೊಂದಿಗೆ ಜೆಫರ್ಸನ್ನರಿಗೆ ಪತ್ರ ಬರೆದು, ಅವರದೇ ವಾಕ್ಯವನ್ನು ಅವರ ಮುಂದಿಟ್ಟು, ಇದನ್ನು ನಂಬಿದ ನೀವು ನನ್ನ ಬಂಧುಗಳನ್ನು ಸೆರೆಯಲ್ಲಿಟ್ಟಿರುವುದು ಹೇಗೆ ಎಂದು ಕೇಳಿದರು. ಜೆಫರ್ಸನ್ ಹನ್ನೊಂದು ದಿನಗಳಲ್ಲಿ ಸೌಜನ್ಯದ ಉತ್ತರ ಬರೆದರು, ಪಂಚಾಂಗವನ್ನು ಪ್ಯಾರಿಸ್ಸಿಗೆ ಕಳಿಸಿದರು, ಗುಲಾಮರನ್ನು ಬಿಡುಗಡೆ ಮಾಡುವ ಮಾತೆತ್ತಲಿಲ್ಲ. 1857ರಲ್ಲಿ ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿ ಟಾನಿ ಆ ವಾಕ್ಯ ಕಪ್ಪು ಜನರನ್ನು ಕುರಿತದ್ದೇ ಅಲ್ಲ, ಅವರು ನಾಗರಿಕರಾಗಲಾರರು ಎಂದು ಬರೆದರು. ಆರು ವರ್ಷಗಳ ಬಳಿಕ ಗೆಟಿಸ್‌ಬರ್ಗಿನ ಭಾಷಣದಲ್ಲಿ ರಾಷ್ಟ್ರಾಧ್ಯಕ್ಷ ಲಿಂಕನ್ ದೇಶದ ವಯಸ್ಸನ್ನು 87 ವರ್ಷವೆಂದು ಎಣಿಸಿದರು. ಲೆಕ್ಕ ಹಾಕಿ ನೋಡಿ: ಗುಲಾಮಗಿರಿಗೆ ಎಡೆಕೊಟ್ಟ 1787ರ ಸಂವಿಧಾನದಿಂದ ಅವರು ಎಣಿಸಲಿಲ್ಲ, ಸಮಾನತೆಯನ್ನು ಸಾರಿದ 1776ರಿಂದ ಎಣಿಸಿದರು. ಬ್ಯಾನಕರ್ ಮತ್ತು ಫ್ರೀಮನ್ ಸಮಾನತೆಯ ಮಾತನ್ನು ಅರ್ಥಮಾಡಿಕೊಂಡ ರೀತಿಯಲ್ಲಿ ಒಬ್ಬ ರಾಷ್ಟ್ರಾಧ್ಯಕ್ಷ ಅದನ್ನು ಅರ್ಥಮಾಡಿಕೊಳ್ಳಲು ಅಷ್ಟು ಕಾಲ ಹಿಡಿಯಿತು.

ನಮ್ಮವರಿಗೆ ಇದು ನೇರವಾಗಿ ತಟ್ಟಿದ್ದು ಪೌರತ್ವದ ಕಾನೂನಿನ ಮೂಲಕ. 1790 ಮತ್ತು 1795ರ ಕಾಯಿದೆಗಳು ವಲಸಿಗನ ಮತವನ್ನಾಗಲಿ ಭಾಷೆಯನ್ನಾಗಲಿ ಕೇಳಲಿಲ್ಲ. ಎರಡನೆಯದು ಸಂವಿಧಾನದ ತತ್ತ್ವಗಳಿಗೆ ನಿಷ್ಠೆ ಇರಬೇಕು, ವಂಶಪಾರಂಪರ್ಯದ ಬಿರುದುಗಳನ್ನು ಬಿಡಬೇಕು ಎಂದಿತು. ವಿಚಾರದ ಮೇಲೆ ಕಟ್ಟಿದ ದೇಶವೆನ್ನಲು ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ. ಆದರೆ ಅರ್ಜಿದಾರನು ‘ಸ್ವತಂತ್ರ ಬಿಳಿಯ ವ್ಯಕ್ತಿ’ ಆಗಿರಬೇಕೆಂದು ಅದೇ ಕಾಯಿದೆಗಳು ಹೇಳಿದವು. ಆ ‘ಬಿಳಿಯ’ ಎಂಬ ಪದವನ್ನೇ ಹಿಡಿದು 1923ರಲ್ಲಿ ಸುಪ್ರೀಂ ಕೋರ್ಟು, ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೇನೆಯಲ್ಲಿ ಸೇವೆ ಸಲ್ಲಿಸಿದ್ದ ಪಂಜಾಬಿನ ಭಗತ್ ಸಿಂಗ್ ಥಿಂಡ್ ಅವರಿಗೆ ಪೌರತ್ವವಿಲ್ಲ ಎಂದಿತು. 1946ರ ಕಾಯಿದೆ ಭಾರತೀಯರಿಗೆ ಪೌರತ್ವದ ಬಾಗಿಲನ್ನು ತೆರೆದರೂ ವರ್ಷಕ್ಕೆ ಸುಮಾರು 100 ವಲಸಿಗರಿಗಷ್ಟೇ ಅವಕಾಶ ಕೊಟ್ಟಿತು. ಇಂದು ಅಲ್ಲಿ ನೆಲೆಸಿರುವ ಕನ್ನಡಿಗರಲ್ಲಿ ಹೆಚ್ಚಿನವರಿಗೆ ದಾರಿಯಾದದ್ದು 1965ರ ವಲಸೆ ಕಾಯಿದೆ, ಅದು ಬಂದದ್ದು ಕಪ್ಪು ಜನರು ಬೀದಿಗಿಳಿದು ಹೋರಾಡಿ ನಾಗರಿಕ ಹಕ್ಕುಗಳ ಕಾನೂನನ್ನು ಪಡೆದ ಮರುವರ್ಷ.