ಚಾಟ್ ಕೌಂಟರ್ ಮುಚ್ಚಿದರೂ ಬಾಡಿಗೆ ನಿಲ್ಲುವುದಿಲ್ಲ

ಪ್ರಶ್ನೆ: ನಮ್ಮದು ಹಾಸನದಲ್ಲಿ ಬೇಕರಿ. ಬೇಕರಿ ಮತ್ತು ಸ್ವೀಟ್ಸ್‌ನಿಂದ ತಿಂಗಳಿಗೆ 52,000 ಲಾಭ, ಚಾಟ್ ಕೌಂಟರಿನಿಂದ 9,000 ನಷ್ಟ. ಚಾಟ್ ಮುಚ್ಚಿದರೆ 52,000 ಪೂರ್ತಿ ಉಳಿಯುತ್ತದಲ್ಲವೇ?

ಉತ್ತರ: ಉಳಿಯುವುದಿಲ್ಲ. ಈ ವರ್ಷ ಇದೇ ಪ್ರಶ್ನೆ ಎಷ್ಟನೇ ಸಲವೋ, ಎಣಿಸುವುದನ್ನು ಬಿಟ್ಟಿದ್ದೇನೆ. ಲೆಕ್ಕದ ಹಾಳೆ ಕಳಿಸಿದ್ದೀರಿ, ಅಷ್ಟು ಪುಣ್ಯ.

ಚಾಟ್ ವ್ಯಾಪಾರ 1,50,000. ಸಾಮಾನು, ಗ್ಯಾಸ್, ತಟ್ಟೆ, ಪಾರ್ಸೆಲ್ ಕವರಿಗೆ 84,000. ಮಾಸ್ಟರ್, ಹೆಲ್ಪರ್ ಸಂಬಳ 38,000. ಕೈಯಲ್ಲಿ 28,000 ಉಳಿಯಿತು. ಇದು ನಷ್ಟವೇ? ಆಮೇಲೆ ನಿಮ್ಮ ಅಕೌಂಟೆಂಟ್ ಅದರ ತಲೆಗೆ ಬಾಡಿಗೆ 20,000, ಕ್ಯಾಷಿಯರ್ ಮತ್ತು ಕರೆಂಟ್ ಪಾಲು 13,000, ಸವಕಳಿ (ಕೌಂಟರ್, ಫ್ರಿಜ್ ಸವೆಯುವುದಕ್ಕೆ ಪುಸ್ತಕದಲ್ಲಿ ಬರೆಯುವ ಖರ್ಚು) 4,000 ಕಟ್ಟಿದ್ದಾರೆ. ಆಗ ಬಂತು 9,000 ನಷ್ಟ.

ನಾಳೆ ಕೌಂಟರ್ ಎತ್ತಿದರೆ ಮಾಲೀಕರು 60,000 ಬಾಡಿಗೆಯಲ್ಲಿ 20,000 ಬಿಡುತ್ತಾರೆಯೇ? ಕ್ಯಾಷಿಯರ್ ಸಂಬಳ ಕಮ್ಮಿ ಮಾಡಿಕೊಳ್ಳುತ್ತಾನೆಯೇ? ಸವಕಳಿಯಂತೂ ಎಂದೋ ಕೊಟ್ಟು ಮುಗಿದ ದುಡ್ಡು. ಆ ಕೌಂಟರ್, ಫ್ರಿಜ್ಜಿಗೆ ಸೆಕೆಂಡ್ ಹ್ಯಾಂಡ್‌ನವರು ಇವತ್ತು ಏನು ಕೊಡುತ್ತಾರೋ ಅದಷ್ಟೇ ಲೆಕ್ಕಕ್ಕೆ. ಹೀಗೆ ತಲೆಗೆ ಕಟ್ಟಿದ್ದರಲ್ಲಿ ನಿಜವಾಗಿ ತಪ್ಪುವ ಖರ್ಚು ಫ್ರಿಜ್ಜಿನ ಕರೆಂಟ್, ಸುಮಾರು 3,000 ಅನ್ನಿ. ಹಾಗಾಗಿ ಮುಚ್ಚಿದರೆ ಆ 28,000ದಲ್ಲಿ ಈ 3,000 ಕಳೆದು ತಿಂಗಳಿಗೆ 25,000 ಕೈತಪ್ಪುತ್ತದೆ. ಈಗ ಒಟ್ಟು ಲಾಭ 43,000, ಆಗ 18,000. ಇನ್‌ಕ್ರಿಮೆಂಟಲ್ ಅನಾಲಿಸಿಸ್ ಅಂದರೆ ಇಷ್ಟೇ: ಮುಚ್ಚಿದರೆ ಏನು ಬದಲಾಗುತ್ತದೋ ಅದನ್ನು ಮಾತ್ರ ನೋಡಿ.

ಬಾಡಿಗೆಯನ್ನು ಮೂರು ವಿಭಾಗಕ್ಕೆ ಸಮ ಹಂಚಿದ್ದೂ ತಮಾಷೆಯೇ. ಚಾಟ್ ಇರುವುದು ಶಟರ್ ಪಕ್ಕದ ಎಂಟಡಿ ಜಾಗದಲ್ಲಿ. ಜಾಗದ ಅಳತೆ ಹಿಡಿದು 8,000 ಹಾಕಿದ್ದರೆ ಅದೇ ಕೌಂಟರ್ 3,000 ಲಾಭ ತೋರಿಸುತ್ತಿತ್ತು, ಒಂದು ಪ್ಲೇಟ್ ಮಸಾಲಪುರಿಯೂ ಹೆಚ್ಚಿಗೆ ಮಾರದೆ.

ಮುಚ್ಚಲೇಬಾರದು ಅಂತಲ್ಲ. ಮಾಲೀಕರ ಒಪ್ಪಿಗೆಯಿಂದ ಆ ಜಾಗವನ್ನು ಯಾರಾದರೂ 30,000ಕ್ಕೆ ಕೇಳಿದರೆ ಕೊಟ್ಟುಬಿಡಿ. ಕರಾರು ನವೀಕರಣದ ಹೊತ್ತಿಗೆ ಜಾಗ ಬಿಟ್ಟು ಬಾಡಿಗೆ ಇಳಿಸಿಕೊಳ್ಳಲು ಬರುವುದಾದರೆ ಆಗ ಬಾಡಿಗೆಯೂ ತಪ್ಪುವ ಖರ್ಚು. ಮತ್ತೆ ಲೆಕ್ಕ ಹಾಕಿ. ಮಾಸ್ಟರನ್ನು ಬಿಡಲಾಗದೆ ಸ್ವೀಟ್ಸ್ ಕಡೆ ಸುಮ್ಮನೆ ನಿಲ್ಲಿಸುವುದಾದರೆ ಅವನ ಸಂಬಳ ಉಳಿಯಿತು ಎಂದು ಬರೆಯಬೇಡಿ.

ಇನ್ನೊಂದು ಕೆಲಸ. ಹದಿನೈದು ದಿನ, ಚಾಟ್ ತಿಂದವರು ಹೋಗುವಾಗ ಬ್ರೆಡ್ಡೋ ಖಾರವೋ ಕಟ್ಟಿಸಿಕೊಂಡರೆ ಆ ಬಿಲ್ಲಿಗೆ ಟಿಕ್ ಹಾಕಿಸಿ. ಚಾಟ್ ಹೋದರೆ ಆ ವ್ಯಾಪಾರವೂ ಹೋಗಬಹುದು. ಹಿಂದೊಮ್ಮೆ ಒಂದು ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಬೈಂಡಿಂಗ್ ವಿಭಾಗ ಮುಚ್ಚಿಸಿದವನು ನಾನೇ. ಬೈಂಡಿಂಗ್ ಇಲ್ಲದ ಕಡೆ ಬಿಲ್ ಬುಕ್ ಯಾರು ಮಾಡಿಸುತ್ತಾರೆ? ಪ್ರಿಂಟಿಂಗ್ ಆರ್ಡರುಗಳೂ ಹಿಂದೆಯೇ ಹೋದವು. ಅಂದಿನಿಂದ ಬಿಲ್ ನೋಡದೆ ಮುಚ್ಚಿ ಎಂದು ಯಾರಿಗೂ ಹೇಳಿಲ್ಲ.

ಪ್ರಶ್ನೆ: ಬಿಸಿನೆಸ್ ಕೋಚ್ ಒಬ್ಬರು ‘ನಷ್ಟದ ಕೊಂಬೆ ತಕ್ಷಣ ಕಡಿಯಿರಿ’ ಎಂದರು.

ಉತ್ತರ: ಅವರ ಫೀಸು ಮೊದಲು ಕಡಿಯಿರಿ.

ಪ್ರಶ್ನೆ: ಆರು ಲಕ್ಷ ಹಾಕಿದ್ದೇನೆ, ಹೇಗೆ ಮುಚ್ಚಲಿ?

ಉತ್ತರ: ಮುಚ್ಚಿದರೂ ಅದು ಹೋಯಿತು, ನಡೆಸಿದರೂ ಹೋಯಿತು. ಮುಂದಿನ ತಿಂಗಳಿನದ್ದು ಹೇಳಿ.

ಪ್ರಶ್ನೆ: ತುಮಕೂರಿನ ಎಚ್‌ಎಂಟಿ ವಾಚ್ ಕಾರ್ಖಾನೆಯನ್ನೇ ಮುಚ್ಚಿದರು. ನಾವೇಕೆ ಒಂದು ವಿಭಾಗಕ್ಕೆ ಹಿಂಜರಿಯಬೇಕು?

ಉತ್ತರ: ಎಚ್‌ಎಂಟಿ ವಾಚಸ್ ಪ್ರತ್ಯೇಕ ಕಂಪನಿ. 2016ರ ಜನವರಿಯಲ್ಲಿ ಕೇಂದ್ರ ಸಂಪುಟ ಒಪ್ಪಿದ್ದು ಇಡೀ ಕಂಪನಿಯನ್ನು ಮುಚ್ಚಲು, ನೌಕರರಿಗೆ ಸ್ವಯಂ ನಿವೃತ್ತಿ ಪ್ಯಾಕೇಜ್ ಕೊಟ್ಟು. ಅಂಗಡಿಗೇ ಬೀಗ ಹಾಕಿದರೆ ಬಾಡಿಗೆಯೂ ನಿಲ್ಲುತ್ತದೆ. ಒಂದು ಮೂಲೆ ಮುಚ್ಚಿದರೆ ನಿಲ್ಲುವುದಿಲ್ಲ.

ಪ್ರಶ್ನೆ: ಕೌಂಟರ್ ನೋಡಿಕೊಳ್ಳುವವನು ನನ್ನ ಬಾಮೈದ, ಸಂಬಳವಿಲ್ಲ. ಅವನನ್ನು ಲೆಕ್ಕಕ್ಕೆ ಹಿಡಿಯಬೇಕೇ?

ಉತ್ತರ: ಹಿಡಿಯಬೇಕು. ಅಲ್ಲಿ ನಿಲ್ಲದಿದ್ದರೆ ಬೇರೆ ಕಡೆ ಎಷ್ಟು ದುಡಿಯುತ್ತಿದ್ದನೋ ಅಷ್ಟು. ಆ ಮೊತ್ತವನ್ನು ನೀವು ಬರೆಯಬೇಡಿ, ಅವನನ್ನೇ ಕೇಳಿ.